ಓಡುವ ಮೋಟಾರಿಗೆ ಕೈ ಹಾಕಬೇಕೇ? ಮೈಕ್ರೋಕಂಟ್ರೋಲರ್ ಸಾಫ್ಟ್‌ವೇರ್ ಅಪ್‌ಗ್ರೇಡಿನ ಲೆಕ್ಕಾಚಾರ

ಉಡುಪಿಯ ನನ್ನ ಪುಟ್ಟ ವರ್ಕ್‌ಶಾಪಿನಲ್ಲಿ ಎರಡು ಲ್ಯಾಪ್‌ಟಾಪ್‌ಗಳಿವೆ. ಒಂದು ಹೊಸದು. ಇನ್ನೊಂದಕ್ಕೆ ಹುಡುಗರು ಇಟ್ಟ ಹೆಸರು ‘ದೊಡ್ಡಪ್ಪ’. ವಿಂಡೋಸ್ 7, ಮುರಿದ ಹಿಂಜ್, ಎಂಟರ್ ಕೀಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ದೊಡ್ಡಪ್ಪನನ್ನು ಇಂಟರ್ನೆಟ್ಟಿಗೆ ಜೋಡಿಸುವ ಹಾಗಿಲ್ಲ. ಹೊಸ ಸಾಫ್ಟ್‌ವೇರ್ ಹಾಕುವ ಹಾಗಿಲ್ಲ. ಯಾಕೆಂದರೆ ಅದರಲ್ಲಿ ಆರ್ಡುಯಿನೋ ಐಡಿಇ, ಅಂದರೆ ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್ಪಿಗೆ ಪ್ರೋಗ್ರಾಮ್ ಬರೆದು ತುಂಬುವ ಸಾಫ್ಟ್‌ವೇರಿನ ಒಂದು ಹಳೆಯ ವರ್ಷನ್ ಉಂಟು. ಕಾರ್ಕಳ, ಬೆಳ್ತಂಗಡಿ ಕಡೆಯ ಅಡಿಕೆ ತೋಟಗಳಲ್ಲಿ ಈಗಲೂ ಓಡುತ್ತಿರುವ ನನ್ನ ಪಂಪ್ ಕಂಟ್ರೋಲರ್‌ಗಳ ಪ್ರೋಗ್ರಾಮ್‌ಗಳೆಲ್ಲ ಮೊದಲು ಕಂಪೈಲ್ ಆದದ್ದು, ಅಂದರೆ ಚಿಪ್ಪಿನ ಭಾಷೆಗೆ ತಿರುಗಿದ್ದು, ಅದರಲ್ಲೇ.

ಈ ಕೆಲಸ ಮಾಡುವ ಸುಮಾರು ಎಲ್ಲರ ಮನೆಯಲ್ಲೂ ಇಂಥದ್ದೊಂದು ದೊಡ್ಡಪ್ಪ ಇರುತ್ತದೆ. ಕಾಲೇಜು ಲ್ಯಾಬಿನಲ್ಲಿ, ಬೈಕಂಪಾಡಿಯ ಕಾರ್ಖಾನೆಯ ಮೆಂಟೆನೆನ್ಸ್ ರೂಮಿನಲ್ಲಿ, ಪ್ರಾಜೆಕ್ಟ್ ಮಾಡಿಕೊಡುವ ಅಂಗಡಿಯಲ್ಲಿ. ಎಲ್ಲರೂ ಕೇಳುವ ಪ್ರಶ್ನೆಯೂ ಒಂದೇ. ಹೊಸ ವರ್ಷನ್ ಬಂದಿದೆ, ಹಾಕಲೋ ಬೇಡವೋ? ಹಾಕಿದರೆ ಇದ್ದದ್ದೂ ಹಾಳಾದರೆ?

ನನ್ನ ಪ್ರಕಾರ ಪ್ರಶ್ನೆ ಇರುವ ಜಾಗವೇ ತಪ್ಪು. ರಥಬೀದಿಯಲ್ಲಿ ತೇರು ನೋಡುವವರ ಕಣ್ಣೆಲ್ಲ ಮೇಲಿನ ಪತಾಕೆಯ ಕಡೆ. ತೇರು ಸಿಕ್ಕಿಕೊಳ್ಳುವುದು ಮಾತ್ರ ಗಾಲಿಯ ಹತ್ತಿರ. ಐಡಿಇ ಎಂದರೆ ಪತಾಕೆ. ಕೋಡ್ ಬರೆಯುವ ಕಿಟಕಿ, ಒಂದೆರಡು ಬಟನ್, ಬಣ್ಣ, ಅಷ್ಟೇ. ಅದರ ಕೆಳಗೆ ಕಂಪೈಲರ್ ಇದೆ. ಆಯಾ ಚಿಪ್ಪಿಗೆ ಬೇಕಾದ ಬೋರ್ಡ್ ಪ್ಯಾಕೇಜ್ ಇದೆ, ಇದನ್ನು ಕೋರ್ ಅಂತಲೂ ಹೇಳುತ್ತೇವೆ. ಡಿಸ್‌ಪ್ಲೇಗೆ, ಸೆನ್ಸರಿಗೆ ಒಂದೊಂದು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. ಎಲ್ಲಕ್ಕಿಂತ ಕೆಳಗೆ, ಕಂಪ್ಯೂಟರ್ ಬೋರ್ಡಿನ ಜೊತೆ ಮಾತಾಡಲು ಬೇಕಾದ ಯುಎಸ್‌ಬಿ ಡ್ರೈವರ್. ಇವು ಪ್ರತಿಯೊಂದಕ್ಕೂ ಬೇರೆ ಬೇರೆ ವರ್ಷನ್, ಬೇರೆ ಬೇರೆ ತಯಾರಕರು. “ಐಡಿಇ ಅಪ್‌ಡೇಟ್ ಮಾಡಿದ ಮೇಲೆ ಕೆಟ್ಟುಹೋಯಿತು” ಅಂತ ಬರುವವರ ಕೇಸುಗಳನ್ನು ಬಿಚ್ಚಿ ನೋಡಿದರೆ, ತೊಂದರೆ ಹೆಚ್ಚಾಗಿ ಕೆಳಗಿನ ಈ ನಾಲ್ಕರಲ್ಲಿ ಒಂದರಲ್ಲಿ ಇರುತ್ತದೆ.

ಮೊದಲು ಪತಾಕೆಯ ಮಾತನ್ನೇ ಮುಗಿಸೋಣ. ಆರ್ಡುಯಿನೋ ಐಡಿಇಯ ಹಳೇ ಸಾಲಿನ ಕೊನೆಯ ವರ್ಷನ್ 1.8.19. ಬಂದದ್ದು 2021ರ ಡಿಸೆಂಬರಿನಲ್ಲಿ. ಹೊಸ ಸಾಲು, ಅಂದರೆ 2.0, 2022ರ ಸೆಪ್ಟೆಂಬರಿನಲ್ಲಿ ಬಂತು. ಹಳೆಯದು ಜಾವಾದಲ್ಲಿ ಬರೆದದ್ದು. ಹೊಸದು ಎಲೆಕ್ಟ್ರಾನ್ ಮೇಲೆ ನಿಂತಿದೆ, ಅಂದರೆ ಒಳಗೊಂದು ಇಡೀ ಬ್ರೌಸರ್ ಕೂತ ಹಾಗೆ. ಹೆಸರು ಪೂರ್ತಿ ಮಾಡಿಕೊಡುತ್ತದೆ, ತಪ್ಪಿದ್ದಲ್ಲಿ ಕೆಂಪು ಗೆರೆ ಎಳೆಯುತ್ತದೆ, ಕೆಲವು ಬೋರ್ಡ್‌ಗಳಿಗೆ ಡಿಬಗ್ಗರ್ ಕೂಡ ಉಂಟು. ಬರೆಯುವವರಿಗೆ ನಿಜಕ್ಕೂ ಸುಖ. ಆದರೆ 4 ಜಿಬಿ ರ‍್ಯಾಮಿನ ಲ್ಯಾಬ್ ಕಂಪ್ಯೂಟರಿನಲ್ಲಿ ತೆರೆದರೆ ಒಂದು ಚಾ ಕುಡಿದು ಬರಬಹುದು. ವಿಂಡೋಸ್ 10 ಅಥವಾ ಮೇಲಿನದ್ದು, ಅದೂ 64 ಬಿಟ್ ಇರಲೇಬೇಕು. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ತಿರುಗುತ್ತಿದ್ದ ಹಳೇ ಪೋರ್ಟಬಲ್ ವ್ಯವಸ್ಥೆ ಇದರಲ್ಲಿಲ್ಲ. ವೈಫೈ ಇರುವ ಇಎಸ್‌ಪಿ ಚಿಪ್ಪಿನ ಫ್ಲ್ಯಾಶ್ ಮೆಮೊರಿಗೆ ಫೈಲ್ ಕಳಿಸಲು ಬಳಸುತ್ತಿದ್ದ ಜಾವಾ ಪ್ಲಗಿನ್‌ಗಳೂ ಹೊಸದರಲ್ಲಿ ನಡೆಯುವುದಿಲ್ಲ. ಇವೆಲ್ಲ ಕಿರಿಕಿರಿಗಳೇ ಹೌದು. ಆದರೆ ಇವುಗಳಿಂದ ಯಾರ ತೋಟದ ಮೋಟಾರೂ ನಿಲ್ಲುವುದಿಲ್ಲ.

ನಿಂತದ್ದು ಹೇಗೆ ಅಂತ ಹೇಳುತ್ತೇನೆ, ನನ್ನದೇ ಕಥೆ.

ಒಂದು ಮಾರ್ಚ್ ತಿಂಗಳು. ಬೆಳ್ತಂಗಡಿ ಕಡೆಯ ತೋಟದವರೊಬ್ಬರು, ಸ್ಪ್ರಿಂಕ್ಲರ್ ಓಡುವ ಹೊತ್ತನ್ನು 20 ನಿಮಿಷದಿಂದ 30ಕ್ಕೆ ಏರಿಸಿಕೊಡಿ ಎಂದರು. ಒಂದು ಅಂಕಿ ಬದಲಾಯಿಸುವ ಕೆಲಸ. ಹೊಸ ಲ್ಯಾಪ್‌ಟಾಪಿನಲ್ಲಿ ಹೊಸ ಐಡಿಇ ಹಾಕಿಕೊಂಡು ಕೆಲವು ದಿನ ಆಗಿತ್ತು. ಆ ಲ್ಯಾಪ್‌ಟಾಪಿನಲ್ಲಿ ಹಳೆಯ ಐಡಿಇಯನ್ನೂ ಪಕ್ಕದಲ್ಲೇ ಉಳಿಸಿಕೊಂಡಿದ್ದೆ. ಬೇಕಾದರೆ ಹಿಂದೆ ಹೋಗಬಹುದಲ್ಲ ಅಂತ ಧೈರ್ಯ. ಹೊಸದನ್ನು ತೆರೆದಾಗ ಕೆಳಗಿನ ಮೂಲೆಯಲ್ಲಿ ಪುಟ್ಟ ಡಬ್ಬಿ ಮೂಡಿತ್ತು: ಲೈಬ್ರರಿಗಳಿಗೆ ಅಪ್‌ಡೇಟ್ ಬಂದಿದೆ, ಎಲ್ಲವನ್ನೂ ಹಾಕಲೇ? ಸುಮ್ನೆ ಹೂಂ ಅಂದೆ. ಆಮೇಲೆ ಅಂಕಿ ಬದಲಿಸಿ, ಕಂಪೈಲ್ ಮಾಡಿ, ತೋಟಕ್ಕೆ ಹೋಗಿ ಬೋರ್ಡಿಗೆ ಹಾಕಿ, ಮಜ್ಜಿಗೆ ಕುಡಿದು ಬಂದೆ.

ರಾತ್ರಿ ಫೋನ್. “ಎಂತ ಮಾರಾಯ್ರೇ, ಮೋಟಾರ್ ಒಂದು ನಿಮಿಷ ಓಡ್ತದೆ, ನಿಲ್ತದೆ. ಬಾವಿಯಲ್ಲಿ ನೀರು ಉಂಟಲ್ಲ!”

ನೀರಿತ್ತು. ಆದರೆ ಕಂಟ್ರೋಲರಿಗೆ ಕಾಣುತ್ತಿರಲಿಲ್ಲ. ಪೈಪಿನಲ್ಲಿ ನೀರು ಹರಿದಾಗ ಫ್ಲೋ ಸೆನ್ಸರ್ ಪಲ್ಸ್ ಕೊಡುತ್ತದೆ, ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ಅರೆಕ್ಷಣ ತಡೆಯುವ ಸಂಕೇತ) ಬಂದು ಒಂದು ಲೆಕ್ಕ ಏರುತ್ತದೆ. ಲೆಕ್ಕ ಏರದಿದ್ದರೆ ಬಾವಿ ಬತ್ತಿದೆ ಎಂದು ಮೋಟಾರ್ ನಿಲ್ಲಿಸುವುದು, ಇದು ಡ್ರೈ ರನ್ ರಕ್ಷಣೆ. ಆ ಲೆಕ್ಕದ ವೇರಿಯಬಲ್ಲಿಗೆ ‘ವೊಲಟೈಲ್’ ಎಂಬ ಪದ ಸೇರಿಸುವುದನ್ನು ಐದು ವರ್ಷದ ಹಿಂದೆ ನಾನು ಮರೆತಿದ್ದೆ. ಇಂಟರಪ್ಟ್ ಬಂದು ಈ ಬೆಲೆ ಯಾವಾಗ ಬೇಕಾದರೂ ಬದಲಾಗಬಹುದು, ಪ್ರತಿ ಸಲ ಮೆಮೊರಿಯಿಂದಲೇ ಓದು ಎಂದು ಕಂಪೈಲರಿಗೆ ಹೇಳುವ ಪದ ಅದು. ಹಳೆಯದರಲ್ಲಿ ಕಾಯುವ ಲೂಪಿನೊಳಗೆ ಒಂದು ಲೈಬ್ರರಿ ಕರೆ (ಲೈಬ್ರರಿಯ ಕೋಡನ್ನು ಓಡಿಸುವ ಸಾಲು) ಇದ್ದದ್ದರಿಂದ ಕಂಪೈಲರ್ ಹೇಗೂ ಪ್ರತಿ ಸುತ್ತಿಗೂ ಹೊಸದಾಗಿ ಓದುತ್ತಿತ್ತು. ಲೈಬ್ರರಿಯ ಹೊಸ ವರ್ಷನ್‌ನಲ್ಲಿ ಆ ಕರೆ ಪುಟ್ಟದಾಗಿ, ಲೂಪಿನೊಳಗೇ ಕರಗಿಹೋಯಿತು. ಆ ವೇರಿಯಬಲನ್ನು ಇಲ್ಲಿ ಯಾರೂ ಮುಟ್ಟುತ್ತಿಲ್ಲವಲ್ಲ ಎಂದು ಕಂಪೈಲರ್ ಲೆಕ್ಕ ಹಾಕಿ, ಮೊದಲು ಓದಿದ ಸೊನ್ನೆಯನ್ನೇ ನೆಚ್ಚಿಕೊಂಡು ಕೂತಿತು. ತಪ್ಪು ಲೈಬ್ರರಿಯದ್ದಲ್ಲ, ಐಡಿಇಯದ್ದಂತೂ ಅಲ್ಲವೇ ಅಲ್ಲ. ನನ್ನದು.

ಇದೇ ಜಾತಿಯ ಇನ್ನೊಂದು ತಪ್ಪು ನಮ್ಮಲ್ಲಿ ಜಾಸ್ತಿ. ಖಾಲಿ ಫಾರ್ ಲೂಪನ್ನು ಸಾವಿರ ಸಲ ತಿರುಗಿಸಿ ಅದನ್ನೇ ಡಿಲೇ ಎಂದುಕೊಳ್ಳುವುದು. ಲ್ಯಾಬ್ ಮ್ಯಾನ್ಯುಯಲ್ಲಿನಿಂದ ಎತ್ತಿದ ಕೋಡಿನಲ್ಲಿ ಇದು ಬೇಕಾದಷ್ಟು ಸಿಗುತ್ತದೆ. ಚುರುಕಾದ ಕಂಪೈಲರ್ ನೋಡುತ್ತದೆ, ಈ ಲೂಪ್ ಏನೂ ಮಾಡುತ್ತಿಲ್ಲ ಎಂದು ಕಿತ್ತೇ ಹಾಕುತ್ತದೆ. ಡಿಲೇ ಮಾಯ, ಎಲ್‌ಸಿಡಿ ಮೇಲೆ ಕಸ. ಅಪ್‌ಗ್ರೇಡ್ ಹೊಸ ರೋಗ ತರುವುದು ಉಂಟು, ಆದರೆ ಮೈಯಲ್ಲಿದ್ದ ಹಳೇ ರೋಗವನ್ನು ಹೊರಗೆ ಹಾಕುವುದೇ ಹೆಚ್ಚು.

ಅವತ್ತು ನಾನು ಕಲಿತ ಎರಡನೇ ಸಂಗತಿ ಇನ್ನೂ ಮುಖ್ಯ. ಸರಿ, ಪಕ್ಕದಲ್ಲಿರುವ ಹಳೆಯ ಐಡಿಇಯಲ್ಲಿ ಕಂಪೈಲ್ ಮಾಡೋಣ ಎಂದು ತೆರೆದರೆ, ಅದರಲ್ಲೂ ಅದೇ ತೊಂದರೆ! ಎರಡು ಐಡಿಇ ಬೇರೆ ಬೇರೆ ಇದ್ದರೂ, ನಾವಾಗಿ ಬದಲಾಯಿಸದಿದ್ದರೆ ಎರಡೂ ಒಂದೇ ಉಗ್ರಾಣದಿಂದ ಸಾಮಾನು ತೆಗೆಯುತ್ತವೆ. ಬೋರ್ಡ್ ಪ್ಯಾಕೇಜ್‌ಗಳು ಇರುವುದು ಆರ್ಡುಯಿನೋ 15 ಎಂಬ ಫೋಲ್ಡರಿನಲ್ಲಿ, ವಿಂಡೋಸಿನಲ್ಲಿ ಇದು ಆಪ್‌ಡೇಟಾದೊಳಗೆ ಅಡಗಿರುತ್ತದೆ. ಲೈಬ್ರರಿಗಳು ಸ್ಕೆಚ್‌ಬುಕ್ ಫೋಲ್ಡರಿನಲ್ಲಿ. ಒಂದು ಐಡಿಇಯಲ್ಲಿ ಅಪ್‌ಡೇಟ್ ಮಾಡಿದರೆ ಇನ್ನೊಂದಕ್ಕೂ ಆಯಿತೆಂದೇ ಅರ್ಥ. ಪಕ್ಕದಲ್ಲಿ ಹಳೆಯದು ಇದೆ ಎಂಬ ನನ್ನ ಧೈರ್ಯ ಸುಳ್ಳು ಧೈರ್ಯ. ಆ ರಾತ್ರಿ ನನ್ನನ್ನು ಕಾಪಾಡಿದ್ದು ದೊಡ್ಡಪ್ಪ.

ಹಾಗಾದರೆ ದೊಡ್ಡಪ್ಪನೇ ಸಾಕಲ್ವಾ?

ಸಾಕಾಗುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲ ಗೊತ್ತಲ್ಲ. ಜುಲೈಯಲ್ಲಿ ಬೀರುವಿನ ಬಟ್ಟೆಗೇ ಬೂಸ್ಟು ಹಿಡಿಯುತ್ತದೆ, ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಬಿಡುತ್ತದೆಯೇ? ಉಪ್ಪುಗಾಳಿಗೆ ಯುಎಸ್‌ಬಿ ಪೋರ್ಟಿನ ಪಿನ್ನುಗಳು ಹಸಿರಾಗುತ್ತವೆ. ಅಪ್‌ಗ್ರೇಡ್ ಮಾಡದೆ ಇರುವುದು ಎಂದರೆ ಇದ್ದಲ್ಲೇ ಇರುವುದು ಅಂದುಕೊಳ್ಳುತ್ತೇವೆ. ಹಾಗಲ್ಲ, ನಿಂತಲ್ಲೇ ನಿಧಾನಕ್ಕೆ ಕೊಳೆಯುವುದು. ಒಂದು ದಿನ ದೊಡ್ಡಪ್ಪ ಏಳುವುದಿಲ್ಲ. ಅವತ್ತು ಹೊಸ ಮೆಷೀನಿಗೆ ಹೋಗಲೇಬೇಕು, ಅದೂ ತೋಟದವರ ಫೋನ್ ಬರುತ್ತಿರುವಾಗ.

ಮೆಷೀನ್ ಉಳಿದರೂ ಸುತ್ತಲಿನ ಲೋಕ ಉಳಿಯುವುದಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಪಿಐಸಿ ಚಿಪ್ಪುಗಳನ್ನು ನಂಬಿದವರ ಪಾಡು ಇನ್ನೊಂದು ಬಗೆ. ಅವುಗಳಿಗೆ ಪ್ರೋಗ್ರಾಮ್ ಬರೆಯುವ ಎಂಪ್‌ಲ್ಯಾಬ್ ಎಕ್ಸ್‌ನಲ್ಲಿ, ಅಸೆಂಬ್ಲಿ ಭಾಷೆಯನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಹಳೆಯ ಅಸೆಂಬ್ಲರ್ ಎಂಪಿಎಎಸ್‌ಎಂ ಸಿಗುವುದು 5.35ರವರೆಗೆ ಮಾತ್ರ. ಮುಂದಿನ 5.40ರಿಂದ ಅದಿಲ್ಲ, ಬದಲಿಗೆ ಬಂದ ಅಸೆಂಬ್ಲರಿನ ಬರವಣಿಗೆಯೇ ಬೇರೆ. ಹದಿನೈದು ವರ್ಷದ ಹಿಂದೆ ಅಸೆಂಬ್ಲಿಯಲ್ಲಿ ಬರೆದ ಮೋಟಾರ್ ಕಂಟ್ರೋಲ್ ಬೋರ್ಡು ಕಾರ್ಖಾನೆಯಲ್ಲಿ ಇದ್ದರೆ, ಅದಕ್ಕೆ ಅಪ್‌ಗ್ರೇಡ್ ಎಂದರೆ ಬಟನ್ ಒತ್ತುವುದಲ್ಲ, ಮೊದಲಿಂದ ಬರೆಯುವುದು. ಅಂಥವರು 5.35ರ ಇನ್‌ಸ್ಟಾಲರನ್ನು ಎರಡು ಕಡೆ ಇಟ್ಟುಕೊಂಡು ಸುಮ್ಮನಿರುವುದೇ ಬುದ್ಧಿವಂತಿಕೆ. ಎಲ್ಲರ ಡ್ರಾಯರಿನಲ್ಲೂ ಬಿದ್ದಿರುವ ಪಿಕ್‌ಕಿಟ್ 3 ಎಂಬ, ಚಿಪ್ಪಿಗೆ ಪ್ರೋಗ್ರಾಮ್ ತುಂಬುವ ಸಾಧನಕ್ಕೂ 6.20ರ ನಂತರದ ಎಂಪ್‌ಲ್ಯಾಬ್ ಎಕ್ಸ್‌ನಲ್ಲಿ ಜಾಗವಿಲ್ಲ. ಆರ್ಮ್ ಚಿಪ್ಪುಗಳಿಗೆ ಪ್ರೋಗ್ರಾಮ್ ಬರೆಯಲು ಕೈಲ್ ಸಾಫ್ಟ್‌ವೇರ್ ಬಳಸುವವರಿಗೆ ಇದೇ ಕಥೆಯ ಇನ್ನೊಂದು ರೂಪ. ಅದರ 2022ರ ವರ್ಷನ್ ಎಂಡಿಕೆ 5.37ರಿಂದ ಆರ್ಮ್ ಕಂಪೈಲರ್ 5 ಜೊತೆಗೆ ಬರುವುದಿಲ್ಲ. ಕಾಲೇಜಿನ 8051 ಚಿಪ್ಪಿನ ಲ್ಯಾಬಿಗೆ ಇದರ ಬಿಸಿ ತಟ್ಟುವುದಿಲ್ಲ, ಅದರ ಕಂಪೈಲರೇ ಬೇರೆ.

ಈಗ ಗಾಲಿಯ ಹತ್ತಿರ ಬರೋಣ. ಇತ್ತೀಚೆಗೆ ಅತಿ ಹೆಚ್ಚು ಜನರಿಗೆ ಬಿಸಿ ಮುಟ್ಟಿಸಿದ್ದು ಇಎಸ್‌ಪಿ 32ರ ಬೋರ್ಡ್ ಪ್ಯಾಕೇಜ್. ಇದರ 3.0 ವರ್ಷನ್ 2024ರ ಮೇ ತಿಂಗಳಲ್ಲಿ ಬಂತು. ಮೋಟಾರ್ ವೇಗ, ದೀಪದ ಪ್ರಖರತೆ ನಿಯಂತ್ರಿಸುವ ಪಿಡಬ್ಲ್ಯುಎಂಗೆ ಮೊದಲು ‘ಎಲ್‌ಇಡಿಸಿ ಸೆಟಪ್’, ‘ಎಲ್‌ಇಡಿಸಿ ಅಟ್ಯಾಚ್‌ಪಿನ್’ ಎಂಬ ಎರಡು ಕರೆಗಳಿದ್ದವು. ಎರಡನ್ನೂ ತೆಗೆದು ‘ಎಲ್‌ಇಡಿಸಿ ಅಟ್ಯಾಚ್’ ಎಂಬ ಒಂದೇ ಕರೆ ಮಾಡಿದರು. ಹಾರ್ಡ್‌ವೇರ್ ಟೈಮರಿನ ಕರೆಗಳೂ ಬದಲಾದವು. ಹಳೇ ಕೋಡ್ ಕಂಪೈಲ್ ಆಗದೆ ಕೆಂಪು ಅಕ್ಷರಗಳ ಸಾಲು ಬರುತ್ತದೆ. ಹುಡುಗರು ಹೆದರುತ್ತಾರೆ. ನಾನಾದರೆ ಇದಕ್ಕೆ ಹೆದರುವುದಿಲ್ಲ. ಕೂಗಿಕೊಂಡು ಬೀಳುವ ತಪ್ಪು ಒಳ್ಳೆಯದು, ಅರ್ಧ ಗಂಟೆಯಲ್ಲಿ ಸರಿಮಾಡಬಹುದು. ನನ್ನ ಸ್ಪ್ರಿಂಕ್ಲರಿನ ಹಾಗೆ ಸದ್ದಿಲ್ಲದೆ ಕಂಪೈಲ್ ಆಗಿ ತೋಟಕ್ಕೆ ಹೋಗಿ ಕೂರುತ್ತದಲ್ಲ, ಅದಕ್ಕೆ ಹೆದರಬೇಕು.

ಜಾಗದ ತೊಂದರೆಯೂ ಉಂಟು. 4 ಎಂಬಿ ಫ್ಲ್ಯಾಶಿನ ಸಾಮಾನ್ಯ ಇಎಸ್‌ಪಿ 32 ಬೋರ್ಡಿನಲ್ಲಿ, ಡಿಫಾಲ್ಟ್ ವಿಂಗಡಣೆ ಹಾಗೇ ಬಿಟ್ಟರೆ, ಪ್ರೋಗ್ರಾಮಿಗೆ ಸಿಗುವುದು 13,10,720 ಬೈಟ್. ವೈಫೈ ಮೂಲಕ ಹೊಸ ಪ್ರೋಗ್ರಾಮ್ ಕಳಿಸಲು ಅಷ್ಟೇ ದೊಡ್ಡ ಇನ್ನೊಂದು ಕೋಣೆ ಖಾಲಿ ಇಟ್ಟಿರುತ್ತಾರೆ. ಹೊಸ ಪ್ಯಾಕೇಜಿನಲ್ಲಿ ಅದೇ ಕೋಡ್ ಹೆಚ್ಚು ಜಾಗ ತಿನ್ನುತ್ತದೆ. ಮೊದಲು 95 ಶೇಕಡಾ ತುಂಬಿದ್ದ ಪ್ರೋಗ್ರಾಮ್ ಈಗ ಹಿಡಿಸದೇ ಹೋಗಬಹುದು. ವಿಂಗಡಣೆ ಬದಲಾಯಿಸಿದರೆ ಆಯಿತಲ್ಲ ಎನ್ನಬಹುದು. ಆದರೆ ಹತ್ತು ಕಿಲೋಮೀಟರ್ ದೂರದ ಕಂಬಕ್ಕೆ ಜೋಡಿಸಿದ ಬೋರ್ಡಿನ ವಿಂಗಡಣೆಯನ್ನು ಕೂತಲ್ಲಿಂದ ವೈಫೈ ಅಪ್‌ಡೇಟಿನಲ್ಲಿ ಬದಲಾಯಿಸಲು ಆಗುವುದಿಲ್ಲ. ಏಣಿ ಹಿಡಿದುಕೊಂಡು ಹೋಗಬೇಕು.

ಇನ್ನು ಮಂಗಳೂರಿನ ಲ್ಯಾಬ್‌ಗಳಲ್ಲಿ ವರ್ಷಾ ವರ್ಷಾ ನಡೆಯುವ ನಾಟಕ. ಆರ್ಡುಯಿನೋ ನ್ಯಾನೋ ಬೋರ್ಡ್ ಜೋಡಿಸುತ್ತಾರೆ, ಅಪ್‌ಲೋಡ್ ಒತ್ತುತ್ತಾರೆ, ‘ನಾಟ್ ಇನ್ ಸಿಂಕ್’ ಎಂದು ಹತ್ತು ಸಲ ಬರುತ್ತದೆ. “ಸರ್, ಹೊಸ ಐಡಿಇ ಸರಿ ಇಲ್ಲ.” ಐಡಿಇ ಸರಿ ಇದೆ. 2018ರಿಂದ ಅಸಲಿ ನ್ಯಾನೋಗಳು ಹೊಸ ಬೂಟ್‌ಲೋಡರಿನೊಂದಿಗೆ (ಕಂಪ್ಯೂಟರಿನಿಂದ ಪ್ರೋಗ್ರಾಮ್ ಪಡೆದು ಚಿಪ್ಪಿಗೆ ತುಂಬುವ ಪುಟ್ಟ ಕೋಡ್) ಬರುತ್ತಿವೆ, ಅದು ಮಾತಾಡುವ ವೇಗ ಸೆಕೆಂಡಿಗೆ 115200 ಬಿಟ್. ಅಗ್ಗದ ನ್ಯಾನೋಗಳಲ್ಲಿ ಹಲವು ಇನ್ನೂ ಹಳೆಯ 57600ರಲ್ಲೇ ಇವೆ. ಬೋರ್ಡ್ ಪ್ಯಾಕೇಜ್ ಹೊಸದಾದಾಗ ಮೆನುವಿನ ಮೊದಲ ಆಯ್ಕೆ ಹೊಸ ಬೂಟ್‌ಲೋಡರ್ ಆಯಿತು. ಪ್ರೊಸೆಸರ್ ಮೆನುವಿಗೆ ಹೋಗಿ ‘ಓಲ್ಡ್ ಬೂಟ್‌ಲೋಡರ್’ ಆರಿಸಿದರೆ ಮುಗಿಯಿತು. ಈ ಒಂದು ಸಾಲು ಗೊತ್ತಿಲ್ಲದೆ ಎಷ್ಟು ಬೋರ್ಡುಗಳು ಕಸದ ಬುಟ್ಟಿ ಸೇರಿವೆಯೋ!

ಡ್ರೈವರಿನದ್ದು ಇನ್ನೂ ವಿಚಿತ್ರ, ಯಾಕೆಂದರೆ ಅದನ್ನು ಅಪ್‌ಗ್ರೇಡ್ ಮಾಡುವುದು ನಾವಲ್ಲ, ವಿಂಡೋಸ್. 2014ರ ಅಕ್ಟೋಬರಿನಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ, ಬೋರ್ಡನ್ನು ಯುಎಸ್‌ಬಿಗೆ ಜೋಡಿಸುವ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿಯ ಡ್ರೈವರ್, ನಕಲಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿ ಕೂರಿಸಿತ್ತು. ದೊಡ್ಡ ಗಲಾಟೆಯೇ ಆಯಿತು. ಅಂಥದ್ದೇ ಚಿಪ್ ಮಾಡುವ ಪ್ರೊಲಿಫಿಕ್‌ನ ಹೊಸ ಡ್ರೈವರ್‌ಗಳು ಹಳೆಯ ಮತ್ತು ನಕಲಿ ಚಿಪ್ ಕಂಡರೆ ಕೆಲಸ ಮಾಡಲು ಒಪ್ಪುವುದಿಲ್ಲ. ನಿನ್ನೆ ಓಡುತ್ತಿದ್ದ ಕೇಬಲ್ ಇವತ್ತು ಓಡದಿದ್ದರೆ ಐಡಿಇಯನ್ನು ಬೈಯುವ ಮೊದಲು ಡಿವೈಸ್ ಮ್ಯಾನೇಜರ್ ತೆರೆದು ಡ್ರೈವರಿನ ತಾರೀಕು ನೋಡಬೇಕು.

ಎಸ್‌ಟಿಎಂ 32 ಚಿಪ್ ಬಳಸುವವರಿಗೆ ಒಂದೇ ಮಾತು. ಹಳೇ ಪ್ರಾಜೆಕ್ಟನ್ನು ಆ ಚಿಪ್ಪಿಗೆ ಕೋಡ್ ಹುಟ್ಟಿಸಿಕೊಡುವ ಕ್ಯೂಬ್‌ಎಂಎಕ್ಸ್‌ನ ಹೊಸ ವರ್ಷನ್‌ನಲ್ಲಿ ತೆರೆದಾಗ ‘ಮೈಗ್ರೇಟ್’, ‘ಕಂಟಿನ್ಯೂ’ ಎಂದು ಕೇಳುತ್ತದೆ. ಗೊತ್ತಿಲ್ಲದೆ ಮೈಗ್ರೇಟ್ ಒತ್ತಬೇಡಿ. ‘ಯೂಸರ್ ಕೋಡ್’ ಗುರುತುಗಳ ಹೊರಗೆ ಬರೆದದ್ದೇನಾದರೂ ಇದ್ದರೆ, ಕೋಡ್ ಮತ್ತೆ ಹುಟ್ಟಿಸುವಾಗ ಅದು ಅಳಿಸಿಹೋಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ, ಹಾಕಲೋ ಬೇಡವೋ ಎಂಬುದಕ್ಕಿಂತ ಮೊದಲು ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ತೋಟದಲ್ಲಿ ಓಡುತ್ತಿರುವ ಬೋರ್ಡಿನಲ್ಲಿ ಯಾವ ಹೆಕ್ಸ್ ಫೈಲ್ (ಕಂಪೈಲ್ ಆಗಿ ಬರುವ ಕೊನೆಯ ರೂಪ) ಇದೆಯೋ, ಅದೇ ಹೆಕ್ಸನ್ನು ಇವತ್ತು ನಾನು ಮತ್ತೆ ಹುಟ್ಟಿಸಬಲ್ಲೆನಾ? ಹುಟ್ಟಿಸಬಲ್ಲೆ ಎಂದಾದರೆ ಎಷ್ಟು ಬೇಕಾದರೂ ಅಪ್‌ಗ್ರೇಡ್ ಮಾಡಬಹುದು, ಹಿಂದೆ ಬರುವ ದಾರಿ ಇದೆ. ಆಗದು ಎಂದಾದರೆ ಅಪ್‌ಗ್ರೇಡ್ ಮಾಡದೆ ಕೂತರೂ ನಾನು ಸುರಕ್ಷಿತ ಅಲ್ಲ. ಆ ಮಾರ್ಚಿನಲ್ಲಿ ಹೊಸ ಲ್ಯಾಪ್‌ಟಾಪಿನಲ್ಲಿ ನನಗೆ ಆಗುತ್ತಿರಲಿಲ್ಲ.

ಈಗ ಆಗುತ್ತದೆ. ಅದಕ್ಕೆ ಬೇಕಾದ ಉಪಕರಣಗಳು ಪುಕ್ಕಟೆ ಇವೆ, ನಾವು ಬಳಸುವುದಿಲ್ಲ ಅಷ್ಟೇ. ಆರ್ಡುಯಿನೋದ ಕಮಾಂಡ್ ಲೈನ್ ಸಾಧನ ಆರ್ಡುಯಿನೋ ಸಿಎಲ್‌ಐಯಲ್ಲಿ ‘ಸ್ಕೆಚ್ ಡಾಟ್ ಯಾಮಲ್’ ಎಂಬ ಒಂದು ಪುಟ್ಟ ಫೈಲ್ ಇಡಬಹುದು. ಈ ಪ್ರಾಜೆಕ್ಟಿಗೆ ಇಂಥ ಬೋರ್ಡ್ ಪ್ಯಾಕೇಜಿನ ಇಂಥದ್ದೇ ವರ್ಷನ್, ಇಂಥ ಲೈಬ್ರರಿಗಳ ಇಂಥದ್ದೇ ವರ್ಷನ್ ಎಂದು ಅದರಲ್ಲಿ ಬರೆದಿಟ್ಟರೆ, ಉಗ್ರಾಣದಲ್ಲಿ ಏನೇ ಬದಲಾಗಲಿ ಅದು ಅವುಗಳನ್ನೇ ಬೇರೆಯಾಗಿ ತಂದು ಕಂಪೈಲ್ ಮಾಡುತ್ತದೆ. ಪ್ಲಾಟ್‌ಫಾರ್ಮ್‌ಐಒ ಎಂಬ ಇನ್ನೊಂದು ಸಾಧನ ಬಳಸುವವರು ಅದರ ಐಎನ್‌ಐ ಫೈಲಿನಲ್ಲಿ ಇದನ್ನೇ ಮಾಡಬಹುದು. ಇದೆಲ್ಲ ದೊಡ್ಡ ತಲೆನೋವು ಅನ್ನಿಸಿದರೆ ಕೊನೇ ಪಕ್ಷ ಸ್ಕೆಚ್ಚಿನ, ಅಂದರೆ ಪ್ರೋಗ್ರಾಮಿನ, ತಲೆಗೆ ಕಮೆಂಟಾಗಿ ಮೂರು ಸಾಲು: ಐಡಿಇ ಯಾವುದು, ಕೋರ್ ಯಾವುದು, ಲೈಬ್ರರಿ ಯಾವುದು. ಜೊತೆಗೆ ‘ಎಕ್ಸ್‌ಪೋರ್ಟ್ ಕಂಪೈಲ್ಡ್ ಬೈನರಿ’ ಒತ್ತಿ ಸಿಗುವ ಹೆಕ್ಸ್ ಫೈಲನ್ನು ತಾರೀಕು ಹಾಕಿ ಎತ್ತಿಡಿ. ಹೆಕ್ಸ್ ಇದ್ದರೆ ಬೋರ್ಡ್ ಸುಟ್ಟುಹೋದರೂ ಕಂಪೈಲ್ ಮಾಡದೆಯೇ ಹೊಸ ಬೋರ್ಡಿಗೆ ತುಂಬಬಹುದು. ಮೇ ತಿಂಗಳ ಗುಡುಗು ಸಿಡಿಲಿನಲ್ಲಿ ವರ್ಷಕ್ಕೆ ಒಂದೆರಡು ಬೋರ್ಡ್ ಹೋಗಿಯೇ ಹೋಗುತ್ತವೆ, ಆಗ ಇದರ ಬೆಲೆ ಗೊತ್ತಾಗುತ್ತದೆ.

ಹೊಸದನ್ನು ಹಾಕಿದ ಮೇಲೆ ಕೋಡಿನಲ್ಲಿ ಒಂದು ಅಕ್ಷರವನ್ನೂ ಬದಲಿಸದೆ ಮೊದಲು ಒಮ್ಮೆ ಕಂಪೈಲ್ ಮಾಡುತ್ತೇನೆ. ಹಳೇ ಸೈಜು ಹೊಸ ಸೈಜು ಪಕ್ಕಪಕ್ಕ ಬರೆದುಕೊಳ್ಳುತ್ತೇನೆ. ಎರಡೂ ಹೆಕ್ಸ್ ಅಕ್ಷರಶಃ ಒಂದೇ ಇದ್ದರೆ ಕಥೆ ಅಲ್ಲಿಗೇ ಮುಗಿಯಿತು. ಕಂಪೈಲ್ ಆದ ದಿನಾಂಕ ಡಿಸ್‌ಪ್ಲೇಯಲ್ಲಿ ಬರುವ ಹಾಗೆ ಕೋಡ್ ಬರೆದಿದ್ದರೆ ಮಾತ್ರ ಎಂದೂ ಒಂದೇ ಇರುವುದಿಲ್ಲ. ಇದು ಗೊತ್ತಿಲ್ಲದೆ ಒಂದು ಇಡೀ ಮಧ್ಯಾಹ್ನ ತಲೆ ಕೆರೆದುಕೊಂಡಿದ್ದೇನೆ. ಬೇರೆ ಬೇರೆ ಬಂದರೆ ಬೋರ್ಡು ಟೇಬಲ್ಲಿನ ಮೇಲೆ ಎಂಟು ದಿನ ಓಡಬೇಕು, ನಡುನಡುವೆ ಕರೆಂಟ್ ತೆಗೆದು ಹಾಕಿ.

ಯಾವ ಬೋರ್ಡಿಗೆ ಅಪ್‌ಗ್ರೇಡ್ ಬೇಕೇ ಬೇಕು ಎಂಬುದಕ್ಕೆ ನನ್ನದೊಂದು ಸರಳ ಗೆರೆ ಇದೆ: ಅದು ಇಂಟರ್ನೆಟ್ ಜೊತೆ ಮಾತಾಡುತ್ತದೆಯೋ ಇಲ್ಲವೋ. ಮಾತಾಡುವುದಾದರೆ ಹಳೆಯದರಲ್ಲೇ ಕೂರಲು ಆಗುವುದಿಲ್ಲ. 2017ರಲ್ಲಿ ವೈಫೈಯ ಸುರಕ್ಷತಾ ವ್ಯವಸ್ಥೆ ಡಬ್ಲ್ಯುಪಿಎ 2ರಲ್ಲಿ ಕ್ರ್ಯಾಕ್ ಎಂಬ ದೋಷ ಹೊರಬಿದ್ದಾಗ, ಇಎಸ್‌ಪಿ ಚಿಪ್ಪುಗಳಿಗೂ ಅದರ ಮದ್ದು ಬಂದದ್ದು ಹೊಸ ಎಸ್‌ಡಿಕೆ (ಪ್ರೋಗ್ರಾಮ್ ಬರೆಯಲು ಬೇಕಾದ ಸಾಫ್ಟ್‌ವೇರ್ ಗಂಟು) ಮೂಲಕವೇ. 2021ರ ಸೆಪ್ಟೆಂಬರ್ 30ಕ್ಕೆ ವೆಬ್‌ಸೈಟುಗಳಿಗೆ ಪುಕ್ಕಟೆ ಗುರುತಿನ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಹಳೇ ರೂಟ್ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಅದೊಂದನ್ನೇ ನಂಬಿಕೊಂಡಿದ್ದ ಹಳೇ ಸಾಧನಗಳಿಗೆ ಸರ್ವರಿನ ಬಾಗಿಲು ತೆರೆಯದಾಯಿತು. ಅವುಗಳ ಕೋಡಿನಲ್ಲಿ ಯಾರೂ ಏನೂ ಬದಲಾಯಿಸಿರಲಿಲ್ಲ. ಬರೀ ನೀರು, ಫ್ಲೋಟ್ ಸ್ವಿಚ್ಚು, ರಿಲೇ ಇರುವ ಕಂಟ್ರೋಲರಿಗೆ ಇದು ಯಾವುದೂ ಲೆಕ್ಕಕ್ಕಿಲ್ಲ.

ಆರ್ಡುಯಿನೋವನ್ನು ಚಿಪ್ ಕಂಪನಿ ಕ್ವಾಲ್ಕಾಮ್ ಕೊಳ್ಳುತ್ತದೆ ಎಂದು 2025ರ ಅಕ್ಟೋಬರಿನಲ್ಲಿ ಪ್ರಕಟವಾದ ಮೇಲೆ, ಮುಂದೆ ಐಡಿಇ ಏನಾಗುತ್ತದೋ ಎಂಬ ಆತಂಕದ ಮಾತು ಜಾಸ್ತಿಯಾಗಿದೆ. ನನಗೆ ಅಷ್ಟೊಂದು ಆತಂಕ ಇಲ್ಲ. ಐಡಿಇಯ ಕೋಡ್ ಓಪನ್ ಸೋರ್ಸ್, ಇನ್‌ಸ್ಟಾಲರ್ ನನ್ನ ಹಾರ್ಡ್‌ಡಿಸ್ಕಿನಲ್ಲಿದೆ.

ಕಾಲ ನೋಡುವುದು ಮಾತ್ರ ನಮ್ಮೂರಿನ ಲೆಕ್ಕ. ಜೂನ್ 1ರಿಂದ ಜುಲೈ 31, ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಮಲ್ಪೆಯಲ್ಲಿ ಬೋಟುಗಳೆಲ್ಲ ದಡ ಸೇರಿ, ಎಂಜಿನ್ ಬಿಚ್ಚಿ, ಬಣ್ಣ ಬಳಿಸಿಕೊಳ್ಳುವ ಕಾಲ. ಅಡಿಕೆ ತೋಟದ ಪಂಪುಗಳಿಗೂ ಆಗ ಕೆಲಸವಿಲ್ಲ, ಆಕಾಶವೇ ನೀರು ಬಿಡುತ್ತಿರುತ್ತದೆ. ನನ್ನ ಅಪ್‌ಗ್ರೇಡುಗಳೆಲ್ಲ ಈಗ ಆ ಎರಡು ತಿಂಗಳಲ್ಲೇ. ಡಿಸೆಂಬರಿನಿಂದ ಮೇವರೆಗೆ ಎಷ್ಟೇ ಡಬ್ಬಿ ಮೂಡಲಿ, ‘ಆಮೇಲೆ’ ಎಂದೇ ಒತ್ತುವುದು.

ಕಳೆದ ಮಳೆಗಾಲದಲ್ಲಿ ದೊಡ್ಡಪ್ಪನ ಹಾರ್ಡ್‌ಡಿಸ್ಕನ್ನು ಇಡಿಯಾಗಿ ನಕಲು ತೆಗೆದು, ಹೊಸ ಲ್ಯಾಪ್‌ಟಾಪಿನ ಒಳಗೆ ವರ್ಚುವಲ್ ಮೆಷೀನ್ ಮಾಡಿ ಕೂರಿಸಿದೆ. ಮುರಿದ ಹಿಂಜಿನ ಶರೀರ ಇನ್ನೂ ಮೂಲೆಯಲ್ಲಿದೆ, ಹುಡುಗರು ಎಸೆಯಲು ಬಿಡುತ್ತಿಲ್ಲ. ಕಂಟ್ರೋಲರ್‌ಗಳನ್ನೂ ಒಂದೊಂದಾಗಿ ಕಳಚಿ ತಂದು ಹೊಸದಕ್ಕೆ ಏರಿಸಿದೆ, ಒಂದನ್ನು ಬಿಟ್ಟು. ಕಾರ್ಕಳದ ಆ ಹಿರಿಯರು ಅಂಗಳದಲ್ಲೇ ನನ್ನನ್ನು ತಡೆದರು. “ನಿಲ್ಲದೆ ಓಡ್ತಾ ಉಂಟಲ್ಲ, ಎಂತಕ್ಕೆ ಮಾರಾಯಾ ಮುಟ್ಟುದು?” ನೋಡಿದೆ. ವೈಫೈ ಇಲ್ಲ, ಬರೀ ಫ್ಲೋಟ್ ಸ್ವಿಚ್ಚು. ಲೆಕ್ಕ ಏರಿಸುವ ಇಂಟರಪ್ಟೂ ಇಲ್ಲ. ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅದರ ಹೆಕ್ಸ್ ಫೈಲಿರುವ ಪೆನ್‌ಡ್ರೈವನ್ನು ಇನ್ಸುಲೇಷನ್ ಟೇಪಿನಿಂದ ಅಂಟಿಸಿ, ಹಾಗೇ ಮುಚ್ಚಿ ಬಂದೆ.